ಖಾಲಿ ಡಬ್ಬಿ ಕೊಡಬಾರದು

ಅಮ್ಮನ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು ಮೆಟ್ಟಿಲು ಹತ್ತುವಾಗ ದೊಡ್ಡಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು, “ಋಣ ತೀರಿತು ಮಗಳೇ, ಇನ್ನು ಅಳಬೇಡ” ಎಂದರು. 2019ರ ಫೆಬ್ರವರಿ. ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ನಮ್ಮ ಕಡೆ ಸಾವಿನ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಆ ದಿನ ಅದು ಕಾಲಿಗೆ ಹೊಕ್ಕ ಮುಳ್ಳಿನಂತೆ ಒಳಗೇ ಮುರಿದು ಉಳಿಯಿತು. ಯಾರ ಋಣ ತೀರಿತು? ನಮ್ಮಿಬ್ಬರ ನಡುವಿನ ಲೆಕ್ಕದಲ್ಲಿ ಕೊಟ್ಟವಳು ಅವಳು, ತೆಗೆದುಕೊಂಡವಳು ನಾನು. ಕೊಟ್ಟವಳು ಎದ್ದು ಹೋದ ಮಾತ್ರಕ್ಕೆ ತೆಗೆದುಕೊಂಡವಳ ಬಾಕಿ ಚುಕ್ತಾ ಆಗುವುದು ಯಾವ ನ್ಯಾಯ? ಬೆಂಗಳೂರಿಗೆ ವಾಪಸಾಗುವ ದಾರಿಯುದ್ದಕ್ಕೂ, ಮದ್ದೂರು, ಚನ್ನಪಟ್ಟಣ, ರಾಮನಗರ ದಾಟುವವರೆಗೂ ಇದನ್ನೇ ಯೋಚಿಸುತ್ತಿದ್ದೆ. ಅಳು ನಿಂತಿತ್ತು. ಈ ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಆಮೇಲೆ ಪ್ರತಿ ವರ್ಷ ಹಬ್ಬಗಳ ಸಾಲು ಶುರುವಾಗುವಾಗ ಅದು ಮರಳಿ ಬರುತ್ತದೆ. ಮಹಾಲಯ ಅಮಾವಾಸ್ಯೆ, ಮರುದಿನದಿಂದ ನವರಾತ್ರಿ, ಆಯುಧಪೂಜೆ, ಅದು ಮುಗಿದು ಇಪ್ಪತ್ತು ದಿನಕ್ಕೆ ದೀಪಾವಳಿ. ಹೂವಿನ ಬೆಲೆ ಏರಿ, ಮಾರುಕಟ್ಟೆಯ ಬೀದಿಗಳಲ್ಲಿ ಬೂದುಗುಂಬಳದ ರಾಶಿ ಬಿದ್ದ ಕೂಡಲೇ ನನಗೆ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೇ ನೆನಪಾಗುತ್ತಾರೆ. ಅಪ್ಪ ಹೋಗಿದ್ದು 2008ರಲ್ಲಿ. ಇಬ್ಬರೂ ಇದ್ದಾಗ ನಾನು ಒಂದು ದಿನವೂ ಅವರಿಗೆ ಧನ್ಯವಾದ ಹೇಳಲಿಲ್ಲ. ಧನ್ಯವಾದ ವೇದಿಕೆಯ ಮೇಲೆ ಹೇಳುವುದು. ನಮ್ಮಂಥ ಮನೆಗಳ ಅಡುಗೆಮನೆಯೊಳಗೆ ಆ ಪದ ಬರುವುದಿಲ್ಲ. ಅಲ್ಲಿ ಇದ್ದದ್ದು ಋಣ ಎನ್ನುವ ಪದ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ಅಂಗಡಿಯವನಿಗೆ ಕೊಡಬೇಕಾದದ್ದನ್ನು ಅಮ್ಮ ಎಂದೂ ಋಣ ಎಂದವಳಲ್ಲ, ಅದು ಸಾಲ. ಸಾಲಕ್ಕೆ ವಾಯಿದೆ ಇದೆ, ಬಡ್ಡಿ ಇದೆ, ಚೀಟಿಯಲ್ಲಿ ಬರೆದ ಅಂಕಿ ಇದೆ. ಋಣಕ್ಕೆ ಇವು ಯಾವುವೂ ಇಲ್ಲ. ಈ ಎರಡು ಪದಗಳನ್ನು ಅಕ್ಷರ ಬಾರದ ಅಮ್ಮ ಜೀವಮಾನವಿಡೀ ಒಮ್ಮೆಯೂ ಅದಲುಬದಲು ಮಾಡಲಿಲ್ಲ ಎಂಬುದು ನನಗೆ ಹೊಳೆದದ್ದು ಅವಳು ಹೋದ ಮೇಲೆ.

ಮಾಗಡಿ ರಸ್ತೆಯ ವಠಾರ

ನಾವಿದ್ದದ್ದು ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ, ಎಂಟು ಮನೆಗಳಿಗೆ ಒಂದೇ ನಲ್ಲಿಯಿದ್ದ ವಠಾರದಲ್ಲಿ. ಅಪ್ಪ ಬಿಟಿಎಸ್ ಬಸ್ಸಿನ ಚಾಲಕ. ಅಮ್ಮ ಮನೆಯಲ್ಲೇ ಕುಳಿತು ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲ ಪುಡಿಗೆ ಜಿಗಟು ಪುಡಿ ಬೆರೆಸಿ, ನೀರು ಹಾಕಿ ನಾದಿದ ಕಪ್ಪು ಹಿಟ್ಟು ಒಂದು ಕಡೆ. ಎಳೆದು ಸೀಳಿದ ಬಿದಿರಿನ ಕಡ್ಡಿಯ ಕಂತೆ ಇನ್ನೊಂದು ಕಡೆ. ನಡುವೆ ಇಳಿಜಾರಿನ ಮಣೆ. ಎಡಗೈಯಲ್ಲಿ ಕಡ್ಡಿ, ಬಲಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಹಿಟ್ಟು. ಅಂಗೈ ಒಮ್ಮೆ ಮುಂದೆ ಹೋಗಿ ಹಿಂದೆ ಬರುವಷ್ಟರಲ್ಲಿ ಕಡ್ಡಿಗೆ ಕಪ್ಪು ಅಂಗಿ ತೊಡಿಸಿ ಪಕ್ಕಕ್ಕೆ ಉರುಳಿಸುತ್ತಿದ್ದಳು. ದಿನಕ್ಕೆ ಮೂರು ಸಾವಿರ, ಕೈ ಓಡಿದ ದಿನ ನಾಲ್ಕು ಸಾವಿರ. ಕೂಲಿ ಸಾವಿರದ ಲೆಕ್ಕದಲ್ಲಿ. ಎಣಿಸಲು ಗೋಡೆಯ ಮೇಲೆ ಇದ್ದಿಲಿನ ಗೀಟು: ನಾಲ್ಕು ನೇರ, ಐದನೆಯದು ಅಡ್ಡ.

ಮನೆಯ ತುಂಬ ಊದುಬತ್ತಿ ಇದ್ದರೂ ಮನೆಯಲ್ಲಿ ಪರಿಮಳವಿರಲಿಲ್ಲ. ಅಮ್ಮ ಹೊಸೆಯುತ್ತಿದ್ದದ್ದು ಕಚ್ಚಾ ಬತ್ತಿ. ಸುಗಂಧದಲ್ಲಿ ಅದ್ದುವ ಕೆಲಸ ಎಲ್ಲೋ ದೂರದ ಕಾರ್ಖಾನೆಯಲ್ಲಿ. ಒಮ್ಮೆ ನಾನು ಕದ್ದು ಒಂದು ಕಡ್ಡಿ ಹೊತ್ತಿಸಿದೆ. ಒಲೆಯ ಹೊಗೆಯ ವಾಸನೆ ಬಂತು, ಅಷ್ಟೆ. ನಮ್ಮ ದೇವರ ಗೂಡಿಗೆ ಅಮ್ಮ ಅಂಗಡಿಯಿಂದ ದುಡ್ಡು ಕೊಟ್ಟು ಒಂದು ಪೊಟ್ಟಣ ತರುತ್ತಿದ್ದಳು. ಊರಿಗೆಲ್ಲ ಹಬ್ಬ ಹತ್ತಿರವಾದಷ್ಟೂ ಅವಳಿಗೆ ಕೆಲಸ ಹೆಚ್ಚು. ದಸರೆಗೂ ದೀಪಾವಳಿಗೂ ಮೇಸ್ತ್ರಿ ಎರಡರಷ್ಟು ಕಡ್ಡಿ ತಂದು ಸುರಿಯುತ್ತಿದ್ದ. ಹಾಗಾಗಿ ನಮ್ಮ ಮನೆಯ ಕಜ್ಜಾಯ ಬೇಯುತ್ತಿದ್ದದ್ದು ಮಧ್ಯರಾತ್ರಿಯ ಮೇಲೆ. ನಿದ್ದೆಗಣ್ಣಿನಲ್ಲಿ ನನಗೆ ಕಾಣುತ್ತಿದ್ದದ್ದು ಬಾಳೆಯೆಲೆಯ ಚೂರಿನ ಮೇಲೆ ಪಾಕದ ಹಿಟ್ಟು ತಟ್ಟುವ ಅವಳ ಬೆರಳುಗಳು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಆ ಕಪ್ಪು ಅವಳ ಕೊನೆಯ ದಿನದವರೆಗೂ ತೆಳುವಾಗಿ ಇತ್ತು ಎಂದು ನನಗೆ ಅನ್ನಿಸುತ್ತದೆ. ಆ ಕೆಲಸ ನಿಂತು ಆಗಲೇ ಎಷ್ಟೋ ವರ್ಷಗಳಾಗಿದ್ದವು, ಇದ್ದಿರಲಾರದು. ಆದರೂ ಆ ಕೈಯನ್ನು ಹಿಡಿದುಕೊಂಡಾಗಲೆಲ್ಲ ನಾನು ಉಗುರನ್ನೇ ನೋಡುತ್ತಿದ್ದೆ.

ಹಬ್ಬಕ್ಕೆ ಮೊದಲು ಅಂಗಡಿಯ ಬಾಕಿ ತೀರಿಸಲೇಬೇಕು ಎಂಬುದು ಅವಳ ಕಟ್ಟಳೆ. ಸಕ್ಕರೆ, ಬೆಲ್ಲ, ಸೀಮೆಎಣ್ಣೆ, ಪೈಸೆ ಪೈಸೆ ಎಣಿಸಿ ಕೊಟ್ಟು ಬರುತ್ತಿದ್ದಳು. ವಠಾರದೊಳಗಿನ ವ್ಯವಹಾರಕ್ಕೆ ಬೇರೆಯೇ ಕಟ್ಟಳೆ. ಪಕ್ಕದ ಮನೆಯಿಂದ ಬಟ್ಟಲಲ್ಲಿ ಸಾರು ಬಂದರೆ ಬಟ್ಟಲು ತೊಳೆದು ಖಾಲಿ ಕೊಡುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಎಸಳು ಕರಿಬೇವು. ಅವರೂ ಇನ್ನೊಮ್ಮೆ ಖಾಲಿ ಕೊಡುತ್ತಿರಲಿಲ್ಲ. ಹೀಗೆ ಎಂಟು ಮನೆಗಳ ನಡುವೆ ಯಾವಾಗಲೂ ಯಾರದೋ ಪಾತ್ರೆ ಯಾರದೋ ಮನೆಯಲ್ಲಿ ಇರುತ್ತಿತ್ತು. ಈ ಲೆಕ್ಕ ಒಂದು ದಿನವೂ ಸರಿಹೋಗಲಿಲ್ಲ, ಸರಿಹೋಗಬೇಕೆಂದು ಯಾರೂ ಬಯಸಲೂ ಇಲ್ಲ.

ಬೀಗದ ಮುಂದೆ

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ಮಳೆ ಹಿಡಿದುಕೊಂಡಿತು. ಎರಡು ವಾರ ಬಿಸಿಲಿಲ್ಲ. ಹೊಸೆದ ಬತ್ತಿ ಒಣಗದೆ ಬೂಷ್ಟು ಹಿಡಿಯಿತು. ಮೇಸ್ತ್ರಿ ಒಣಗಿದ್ದನ್ನು ಮಾತ್ರ ಎಣಿಸಿಕೊಳ್ಳುತ್ತಿದ್ದ. ಉಳಿದದ್ದು ಅಮ್ಮನ ತಲೆಯ ಮೇಲೆ. ಅಪ್ಪನ ಸಂಬಳಕ್ಕೆ ಇನ್ನೂ ಹತ್ತು ದಿನ. ಒಂದು ಸಂಜೆ ಅಮ್ಮ ಹಿಟ್ಟಿನ ಡಬ್ಬವನ್ನು ತಲೆಕೆಳಗೆ ಮಾಡಿ ತಟ್ಟುವುದನ್ನು ಪಕ್ಕದ ಮನೆಯಾಕೆ ಬಾಗಿಲಿನಿಂದ ನೋಡಿದರು. ಏನೂ ಕೇಳಲಿಲ್ಲ. ಕತ್ತಲಾದ ಮೇಲೆ ಒಂದು ಸ್ಟೀಲ್ ಡಬ್ಬಿಯ ತುಂಬ ರಾಗಿ ಹಿಟ್ಟು ತಂದು ಹೊಸ್ತಿಲಿನ ಒಳಗಿಟ್ಟು ಹೋದರು. ಆ ರಾತ್ರಿ ಉಂಡ ಮುದ್ದೆಯ ಬಿಸಿ ನನಗೆ ಇವತ್ತಿಗೂ ನೆನಪಿದೆ, ಯಾಕೆಂದರೆ ಅಮ್ಮ ತನ್ನ ಪಾಲಿನದನ್ನೂ ತಂಗಿಯ ತಟ್ಟೆಗೆ ಹಾಕದೆ ತಾನೇ ಉಂಡ ಅಪರೂಪದ ರಾತ್ರಿ ಅದು.

ಮಹಾಲಯಕ್ಕೆ ನಾವು ಕುಣಿಗಲ್ ಕಡೆಯ ನಮ್ಮ ಹಳ್ಳಿಗೆ ಹೋದೆವು. ಅಲ್ಲಿಂದ ಬರುವಾಗ ಅಮ್ಮ ಆ ಡಬ್ಬಿಯಲ್ಲಿ ಕಜ್ಜಾಯ ಒತ್ತಿ ಒತ್ತಿ ತುಂಬಿಕೊಂಡಳು. ಬಸ್ಸಿನುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದಳು. ವಠಾರಕ್ಕೆ ಬಂದರೆ ಪಕ್ಕದ ಮನೆಗೆ ಬೀಗ. ಮನೆಯವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ, ನಾವಿಲ್ಲದ ನಾಲ್ಕು ದಿನಗಳಲ್ಲಿ ಸಾಮಾನು ಸಾಗಿಸಿ ಹೋಗಿಬಿಟ್ಟಿದ್ದರು. ಯಾವ ಊರು ಎಂದು ಯಾರಿಗೂ ಸರಿಯಾಗಿ ತಿಳಿಯದು. ಅಮ್ಮ ಡಬ್ಬಿ ಹಿಡಿದು ಆ ಬೀಗದ ಮುಂದೆ ತುಂಬ ಹೊತ್ತು ನಿಂತಿದ್ದಳು. ತಾಯಿ ಒಂದು ಬಾಗಿಲಿನ ಎದುರು ಏನೂ ಮಾಡಲಾಗದೆ ನಿಲ್ಲುವುದನ್ನು ನಾನು ಅದೇ ಮೊದಲ ಸಲ ಕಂಡದ್ದು. ಆಮೇಲೆ ಕಜ್ಜಾಯವನ್ನು ಉಳಿದ ಆರು ಮನೆಗಳಿಗೆ ಹಂಚಿ, ಡಬ್ಬಿಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಅಟ್ಟಣೆಯ ಮೇಲಿಟ್ಟಳು. “ಇದೊಂದು ಋಣ ಉಳಿಯಿತು” ಎಂದಳು.

ಆ ಡಬ್ಬಿಯನ್ನು ಅವಳು ನಮ್ಮ ಮನೆಯ ಬಳಕೆಗೆ ಇಟ್ಟುಕೊಳ್ಳಲೇ ಇಲ್ಲ. ಸೋರುವ ಮಾಡಿನ ಮನೆಯಿಂದ ಹೆಂಚಿನ ಮನೆಗೆ, ಅಲ್ಲಿಂದ ಅಪ್ಪ ನಿವೃತ್ತಿಯ ಹಣದಲ್ಲಿ ಕಟ್ಟಿಸಿದ ಎರಡು ಕೋಣೆಯ ಮನೆಗೆ ಅದು ಜೊತೆಗೇ ಬಂತು. ಪ್ರತಿ ಹಬ್ಬಕ್ಕೆ ಕೆಳಗಿಳಿದು, ಹೊಳೆದು, ಏನಾದರೂ ತುಂಬಿಕೊಂಡು ಆಯಾ ಕಾಲದ ಪಕ್ಕದ ಮನೆಗೆ ಹೋಗಿ ಬರುತ್ತಿತ್ತು. ಅದರ ಮೈಮೇಲೆ ಆ ತಾಯಿಯ ಹೆಸರಿದೆ. ಪಾತ್ರೆ ಅಂಗಡಿಯಲ್ಲಿ ಗುಂಯ್‌ಗುಡುವ ಯಂತ್ರದಿಂದ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಾರಲ್ಲ, ಹಾಗೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರನ್ನು ಕೇಳಿ ಬರೆಯುವ ದಾರಿ ನನಗಿಲ್ಲ. ಅಮ್ಮನ ಮನೆ ಖಾಲಿ ಮಾಡುವಾಗ ತಂಗಿ ಒಡವೆ, ಸೀರೆ ಎಲ್ಲವನ್ನೂ ನನ್ನ ಮುಂದೆ ಸುರಿದು ಏನು ಬೇಕು ಎಂದು ಕೇಳಿದಳು. ನಾನು ಈ ಡಬ್ಬಿ ಮತ್ತು ಮಣೆಯನ್ನು ತೆಗೆದುಕೊಂಡೆ.

ಅಪ್ಪ ಮತ್ತು ಬೂದುಗುಂಬಳ

ಅಪ್ಪನ ಹಬ್ಬ ಆಯುಧಪೂಜೆ. ಡಿಪೋದಲ್ಲಿ ಬಸ್ಸುಗಳಿಗೆ ಬಾಳೆಕಂದು ಕಟ್ಟಿ, ಮುಂದಿನ ಗಾಜಿಗೆ ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕುತ್ತಿದ್ದರು. ನಮಗೆ ಪೊಟ್ಟಣದಲ್ಲಿ ಕಡಲೆಪುರಿ ಸಿಗುತ್ತಿತ್ತು. ಬಿಟಿಎಸ್ 1997ರಲ್ಲಿ ಬಿಎಂಟಿಸಿ ಆಯಿತು, ಬಸ್ಸಿನ ಬಣ್ಣ ಬದಲಾಯಿತು, ಅಪ್ಪನ ಆಯುಧಪೂಜೆ ಬದಲಾಗಲಿಲ್ಲ. ಪೂಜೆ ಮುಗಿಸಿ ಮನೆಗೆ ನಡೆದು ಬರುವಾಗ ಅವರು ಮಾಡುತ್ತಿದ್ದ ಒಂದು ಕೆಲಸವನ್ನು ನಾನು ಚಿಕ್ಕವಳಿದ್ದಾಗ ಗಮನಿಸಿದೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ. ದಾರಿಯುದ್ದಕ್ಕೂ ಗ್ಯಾರೇಜುಗಳ ಮುಂದೆ, ಆಟೋ ನಿಲ್ದಾಣಗಳ ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳಗಳು. ಅಪ್ಪ ಪ್ರತಿಯೊಂದು ಹೋಳನ್ನೂ ಕಾಲಿನಿಂದ ರಸ್ತೆಯ ಅಂಚಿಗೆ ತಳ್ಳುತ್ತಾ ಬರುತ್ತಿದ್ದರು. ದೊಡ್ಡ ಹೋಳುಗಳಿದ್ದರೆ ಬಗ್ಗಿ ಕೈಯಿಂದ ಎತ್ತುತ್ತಿದ್ದರು. ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆ. ನಮಗೆ ಹಸಿವು. ಅಪ್ಪನ ಹಬ್ಬದ ಪ್ಯಾಂಟಿನ ತುದಿ, ಚಪ್ಪಲಿ, ಬೆರಳು ಎಲ್ಲ ಕೆಂಪು.

“ಸ್ಕೂಟರ್ ಜಾರುತ್ತದೆ” ಎನ್ನುತ್ತಿದ್ದರು, ಅಷ್ಟೇ. ಚಾಲಕನ ಆಸನದಿಂದ ಅವರು ಏನೇನು ನೋಡಿದ್ದರೋ, ಯಾರು ಬಿದ್ದದ್ದನ್ನು ಕಂಡಿದ್ದರೋ, ಒಂದು ದಿನವೂ ಹೇಳಲಿಲ್ಲ. ಆ ರಾತ್ರಿ ಆ ರಸ್ತೆಯಲ್ಲಿ ಬೀಳದೆ ಮನೆ ಸೇರಿದ ಯಾವ ಸ್ಕೂಟರ್ ಸವಾರನಿಗೂ ಅಪ್ಪ ಗೊತ್ತಿಲ್ಲ. ಅವರ ಬಸ್ಸಿನಲ್ಲಿ ಮೂವತ್ತು ವರ್ಷ ಹತ್ತಿ ಇಳಿದವರ ಮುಖವೂ ಅಪ್ಪನಿಗೆ ಗೊತ್ತಿರಲಿಲ್ಲ. ಅವರ ಸಂಬಳ ಬಂದದ್ದು, ನಾನು ಓದಿದ್ದು ಆ ಟಿಕೆಟಿನ ದುಡ್ಡಿನಲ್ಲಿ. ಮುಖ ಗೊತ್ತಿಲ್ಲದವರಿಗೆ ಸಲ್ಲಬೇಕಾದದ್ದನ್ನು ಅಪ್ಪ ವರ್ಷಕ್ಕೊಮ್ಮೆ ಕಾಲಿನಿಂದ ಸಲ್ಲಿಸುತ್ತಿದ್ದರು ಎಂದು ನಾನೀಗ ನಂಬಿದ್ದೇನೆ. ನಗರದ ಆಡಳಿತ, ಸಂಚಾರ ಪೊಲೀಸರು ರಸ್ತೆಯಲ್ಲಿ ಕುಂಬಳ ಒಡೆಯಬೇಡಿ ಎಂದು ಈಗಲೂ ಕೇಳಿಕೊಳ್ಳುತ್ತಾರೆ. ಜನ ಈಗಲೂ ಒಡೆಯುತ್ತಾರೆ. ಆಯುಧಪೂಜೆಯ ಸಂಜೆ ನಾನು ಹಳೆಯ ಚಪ್ಪಲಿ ಹಾಕಿಕೊಂಡು ನಮ್ಮ ರಸ್ತೆಯ ಕೊನೆಯವರೆಗೂ ಹೋಗಿ ಬರುತ್ತೇನೆ. ಅಪ್ಪನ ಪಕ್ಕದಲ್ಲಿ ನಡೆದಂತೆಯೇ ಇರುತ್ತದೆ.

ಇನ್ನೊಂದು ಎಲೆ

ನಾವು ಇಬ್ಬರು ಹೆಣ್ಣುಮಕ್ಕಳು. ಹಿರಿಯರ ಹಬ್ಬದಲ್ಲಿ ಎಡೆ ಇಡುವುದು ಗಂಡುಮಕ್ಕಳ ಮನೆಯಲ್ಲಿ. ಮದುವೆಯಾದ ಮಗಳು ಗಂಡನ ಮನೆಯ ಹಿರಿಯರಿಗೆ ಅಡುಗೆ ಮಾಡುತ್ತಾಳೆ, ತವರಿನ ಹಿರಿಯರಿಗೆ ತವರಿನಲ್ಲೇ ನಡೆಯುತ್ತದೆ. ತವರೇ ಮುಗಿದುಹೋದರೆ? ಒಂದೇ ಮನೆಯಲ್ಲಿ ಎರಡು ಕಡೆಯ ಹಿರಿಯರನ್ನು ಕರೆಯಬಾರದು ಎಂದು ನೆಂಟರು ಹೇಳಿದರು. 2019ರ ಮಹಾಲಯದ ದಿನ ನಾನು ಅತ್ತೆಮನೆಯ ಹಿರಿಯರಿಗೆ ಬಡಿಸಿ, ಧೂಪ ಹಾಕಿ, ಅಡುಗೆಮನೆಯಲ್ಲಿ ಒಬ್ಬಳೇ ನಿಂತೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ಎಲ್ಲೂ ಎಲೆಯಿಲ್ಲದೆ ಹಸಿದು ಹೋದರು ಎಂಬ ಭಾವನೆ. ಬುದ್ಧಿಗೆ ಅದು ಗೊತ್ತಿತ್ತು, ಸತ್ತವರು ಉಣ್ಣುವುದಿಲ್ಲ ಎಂದು. ಹೊಟ್ಟೆ ಕೇಳಲಿಲ್ಲ.

ಮರುವರ್ಷ ಕೊರೊನಾ. ಅಧಿಕಮಾಸ ಬಂದು ಮಹಾಲಯಕ್ಕೂ ನವರಾತ್ರಿಗೂ ಒಂದು ತಿಂಗಳ ಅಂತರ ಬಿದ್ದ ವರ್ಷ ಅದು. ನೆಂಟರು ಯಾರೂ ಬರುವಂತಿರಲಿಲ್ಲ. ಎಲೆಗಳನ್ನು ಹಾಸಿ ಬಡಿಸಲು ಕುಳಿತಾಗ ಅತ್ತೆ ಗೋಡೆ ಹಿಡಿದು ಬಂದು ಎಲೆಗಳನ್ನು ಎಣಿಸಿದರು. “ಇನ್ನೆರಡು ಹಾಕು” ಎಂದರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ಕೈ ನಡುಗುತ್ತಿತ್ತು, ಎಲೆಯ ಮೇಲೆ ನೀರು ಚಿಮುಕಿಸುವುದಕ್ಕೂ ಆಗಲಿಲ್ಲ, ಅವರೇ ಚಿಮುಕಿಸಿದರು. ಈಗ ಪ್ರತಿ ವರ್ಷ ಅಪ್ಪನಿಗೆ ಬಿಳಿ ಪಂಚೆ, ಖಾರಾಬೂಂದಿ. ಅಮ್ಮನಿಗೆ ಸೀರೆ, ಕಜ್ಜಾಯ, ವೀಳ್ಯದೆಲೆ, ಅದರ ಜೊತೆಗೆ ಅಪ್ಪನಿಗೆ ಕಾಣದಂತೆ ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುತ್ತಿದ್ದ ಹೊಗೆಸೊಪ್ಪು. ಈಗ ಅದನ್ನು ಅಪ್ಪನ ಎಲೆಯ ಪಕ್ಕದಲ್ಲೇ, ಎಲ್ಲರ ಕಣ್ಣೆದುರು ಇಡುತ್ತೇನೆ.

ಪಿತೃಋಣ ಎಂಬ ದೊಡ್ಡ ಮಾತು ಶಾಸ್ತ್ರದಲ್ಲಿದೆ. ಮಗ ಹುಟ್ಟಿದರೆ ಅದು ತೀರುತ್ತದೆ ಎಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದವರಲ್ಲ. ನನಗೂ ಅದನ್ನು ತೀರಿಸುವ ಆಸೆಯಿಲ್ಲ. ಅಂಗಡಿಯವನ ಚೀಟಿಯಂತೆ ಹರಿದು ಹಾಕಿಬಿಟ್ಟರೆ ನನಗೂ ಅಮ್ಮನಿಗೂ ಮಧ್ಯೆ ಮತ್ತೇನು ಉಳಿಯುತ್ತದೆ?

ಲಿಫ್ಟಿನ ಪಕ್ಕದಲ್ಲಿ

2024ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ರಂದೇ ಬಂತು. ಗಾಂಧಿ ಜಯಂತಿಗೆ ನಗರದಲ್ಲಿ ಮಾಂಸ ಮಾರುವಂತಿಲ್ಲ; ಹಾಗಾಗಿ ಹಿಂದಿನ ದಿನವೇ ಅಂಗಡಿಗಳ ಮುಂದೆ ಸಾಲು. ಬೆಳಗ್ಗೆ ನಾಲ್ಕಕ್ಕೆ ಎದ್ದು ಅಡುಗೆ ಮುಗಿಸಿ, ಎಡೆ ಬಡಿಸಿ, ಧೂಪ ಹಾಕಿ, ಒಬ್ಬೊಬ್ಬರ ಹೆಸರನ್ನೂ ಗಟ್ಟಿಯಾಗಿ ಕರೆದು, ನಮ್ಮ ಪದ್ಧತಿಯಂತೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಹಿರಿಯರು ಉಣ್ಣುವಾಗ ನಾವು ನೋಡಬಾರದು. ಹಳ್ಳಿಯಲ್ಲಾದರೆ ಜಗಲಿಯ ಮೇಲೆ ಕೂರುತ್ತಿದ್ದೆವು. ಇಲ್ಲಿ ನಾಲ್ಕನೇ ಮಹಡಿಯ ಲಿಫ್ಟಿನ ಪಕ್ಕ ಅತ್ತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಉಳಿದವರು ಗೋಡೆಗೆ ಒರಗಿ ನಿಂತೆವು. ಬಾಗಿಲಿನ ಸಂದಿಯಿಂದ ಸಾಂಬ್ರಾಣಿಯ ಹೊಗೆ.

ಎದುರು ಮನೆಯವರು ಒಡಿಶಾದವರು, ಆಗ ಬಂದು ಎರಡು ವರ್ಷವಾಗಿತ್ತು. ಬಾಗಿಲು ತೆರೆದ ಆಕೆ ಬರಿಗಾಲಲ್ಲಿ ನಿಂತ ನಮ್ಮನ್ನು ನೋಡಿ ಗಾಬರಿಯಾಗಿ, ಬೀಗದ ಕೈ ಒಳಗೇ ಉಳಿಯಿತೇ, ಯಾರನ್ನಾದರೂ ಕರೆಸಲೇ ಎಂದು ಕೇಳಿದರು. ನನಗೆ ಬರುವ ಹಿಂದಿಯಲ್ಲಿ, ಒಳಗೆ ನಮ್ಮ ಹಿರಿಯರು ಊಟ ಮಾಡುತ್ತಿದ್ದಾರೆ ಎಂದೆ. ಆಕೆ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಓಣಿಯಲ್ಲಿ ಸೈಕಲ್ ತುಳಿಯುತ್ತಿದ್ದ ಮಗಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ತಾನೂ ಚಪ್ಪಲಿ ಬಿಟ್ಟು ನಮ್ಮ ಸಾಲಿನಲ್ಲಿ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, ನಮ್ಮಲ್ಲಿ ಹಿರಿಯರನ್ನು ಕರೆಯುವುದು ದೀಪಾವಳಿಯ ಸಂಜೆ ಎಂದರು. ಸೆಣಬಿನ ಕಡ್ಡಿಗಳನ್ನು ಹೊತ್ತಿಸಿ ಆಕಾಶಕ್ಕೆ ಹಿಡಿದು, ಕತ್ತಲಲ್ಲಿ ಬನ್ನಿ, ಬೆಳಕಿನಲ್ಲಿ ಹೋಗಿ ಎಂದು ಕೂಗುತ್ತಾರಂತೆ. ಆಕೆಯ ತಂದೆ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಬೆಂಗಳೂರಿನಲ್ಲಿ ಆ ಕಡ್ಡಿ ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದರು. ನನಗೆ ತಿಳಿಯದು. ಒಳಗೆ ಹೋಗುವ ಮುನ್ನ ನಾವು ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿದೆವು.

ಆ ಮಧ್ಯಾಹ್ನ ಡಬ್ಬಿಯನ್ನು ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಕಜ್ಜಾಯ ತುಂಬಿ ಎದುರು ಮನೆಗೆ ಕೊಟ್ಟೆ. ಒಂದು ತಿಂಗಳು ಅದು ಬರಲಿಲ್ಲ. ನಾನೂ ಕೇಳಲಿಲ್ಲ.

ಬಲಿಪಾಡ್ಯಮಿಯ ಬೆಳಗ್ಗೆ ಮಗಳು ಎರಡೂ ಕೈಯಲ್ಲಿ ಡಬ್ಬಿ ಹಿಡಿದುಕೊಂಡು ಬಂದಳು, ಹಿಂದೆ ತಾಯಿ. ಮುಚ್ಚಳ ತೆರೆದರೆ ಕಜ್ಜಾಯವೇ! ಅಕ್ಕಿ ಹಿಟ್ಟು, ಬೆಲ್ಲ, ಅದೇ ಕೆಂಪು, ಮೇಲೆ ಎಳ್ಳು. ಅವರು ಅದನ್ನು ಆರಿಸಾ ಪಿಠಾ ಎನ್ನುತ್ತಾರೆ. ಅಮ್ಮ ಮಾಡಿದ ಹಾಗೆ ಅಂಚು ಗರಿಗರಿಯಾಗಿತ್ತು. ಅಷ್ಟರಲ್ಲಿ ಮೂರನೇ ತರಗತಿಯ ಆ ಹುಡುಗಿ, ಶಾಲೆಯಲ್ಲಿ ಕಲಿಯುತ್ತಿರುವ ಕನ್ನಡವನ್ನು ನನಗೆ ತೋರಿಸಬೇಕೆಂದು, ಡಬ್ಬಿಯ ಮೈಮೇಲಿನ ಚುಕ್ಕಿಗಳ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವಾಗಿ ಓದತೊಡಗಿದಳು. ಕೊನೆಯ ಅಕ್ಷರ ತಿಕ್ಕಿ ತಿಕ್ಕಿ ಸವೆದಿದೆ, ಅಲ್ಲಿ ತಡೆದಳು. ನಾನು ಹೇಳಿಕೊಟ್ಟೆ. ಆಗ ಪೂರ್ತಿ ಹೆಸರನ್ನು ಗಟ್ಟಿಯಾಗಿ, ಹಾಜರಿ ಕರೆಯುವಂತೆ ಕೂಗಿದಳು. ಬೀಗದ ಮುಂದೆ ಅಮ್ಮ ಕರೆಯಲಾಗದೆ ನಿಂತ ಹೆಸರು.

ಒಳಗಿನ ಕೋಣೆಯಿಂದ ಅತ್ತೆ, “ಮಗು ಯಾರನ್ನು ಕರೆಯುತ್ತಿದೆ?” ಎಂದು ಕೇಳಿದರು.

“ಅಮ್ಮನ ಪಕ್ಕದ ಮನೆಯವರನ್ನು” ಎಂದೆ.